ನಾಲ್ಕಾಳಿನ ಮಿಷನ್ನು

ನಮ್ಮ ಬೋರಲಿಂಗಯ್ಯ ಮುಟ್ಟಿದ್ದೆಲ್ಲ ಕೆಡುತ್ತದೆ ಎಂದು ಕಲ್ಲುಬಾವಿದೊಡ್ಡಿಯ ಜನ ಹೇಳುವುದು ಹೊಟ್ಟೆಕಿಚ್ಚಿನಿಂದಲ್ಲ, ಅನುಭವದಿಂದ. ಬಾವಿಯ ಪಂಪಿಗೆ ಎಣ್ಣೆ ಬಿಡುತ್ತೇನೆಂದು ಇಳಿದು ಪಂಪನ್ನೇ ಬಾವಿಗೆ ಬಿಟ್ಟವನು ಅವನು. ಸುಣ್ಣದ ಪುಡಿ ಎಂದು ಇರುವೆ ಪುಡಿಯನ್ನು ರೇಷ್ಮೆ ಹುಳುವಿನ ತಟ್ಟೆಗಳಿಗೆ ಉದುರಿಸಿ ಸಾವಿರಗಟ್ಟಲೆ ಹುಳುವನ್ನು ಒಂದೇ ಹಗಲಿನಲ್ಲಿ ತಿಪ್ಪೆಗೆ ಕಳಿಸಿದವನೂ ಅವನೇ. ಸ್ವಂತ ಮದುವೆಯಲ್ಲಿ ಧಾರೆಯ ಹೊತ್ತಿಗೆ ಸರಿಯಾಗಿ ಕಂಬಕ್ಕೆ ಒರಗಿ ಚಪ್ಪರವನ್ನು ಬೀಗರ ಮೇಲೆ ಕೆಡವಿದ್ದನ್ನು ಜನ ಈಗಲೂ ನೆನೆಸಿಕೊಂಡು ನಗುತ್ತಾರೆ. ಇಂಥವನ ಕೈಗೆ ಒಂದು ಮಿಷನ್ನು ಕೊಟ್ಟರು. ಕೊಟ್ಟವರಿಗೆ ಬುದ್ಧಿಯಿಲ್ಲ ಎಂದು ಮೊದಲು ನಾನು ತಿಳಿದಿದ್ದೆ. ಬುದ್ಧಿಯಿಲ್ಲದವರು ನಾವು.

ನಾನು ಅದೇ ಊರಿನವನು, ಕಂಪನಿಯ ಗೇಟಿನಲ್ಲಿ ಕುಳಿತು ಪಾಸು ಬರೆಯುವವನು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ. ಗೇಟು ಸೇರಿದ ಮೇಲೆ ಅದನ್ನು ಯಾರೂ ಕರೆಯುವುದಿಲ್ಲ, ಎಲ್ಲರಿಗೂ ನಾನು ಗೇಟಣ್ಣ. ಆ ಮಿಷನ್ನಿನಿಂದ ಆದದ್ದರಲ್ಲಿ ನನ್ನ ಪಾಲೂ ಇದೆ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಯಾರೂ ನನ್ನ ಮುಖಕ್ಕೆ ಉಗಿಯುವುದು ಬೇಡ.

ಬೈರಮಂಗಲದ ರಸ್ತೆಯಲ್ಲಿರುವ ಈ ಕಂಪನಿ ಕಾರುಗಳಿಗೆ ರಬ್ಬರಿನ ಸಾಮಾನು ಮಾಡುತ್ತದೆ. ಅದರ ಮುಂದೆ ಅಂದವಾದ ಹುಲ್ಲುಹಾಸಿದೆ, ಹೊಂಗೆ ಮರಗಳಿವೆ, ಬಿಳಿ ಬೆಣಚುಕಲ್ಲು ಸುರಿದ ಕಾಲುದಾರಿ ಇದೆ. ಅಷ್ಟೂ ಬೋರಲಿಂಗಯ್ಯನ ಹೆಂಡತಿ ಬೈರಮ್ಮನ ಹೊಲ. ಮದುವೆಯಲ್ಲಿ ಅವಳಪ್ಪ ಅರಿಶಿನ ಕುಂಕುಮಕ್ಕೆಂದು ಬರೆದುಕೊಟ್ಟ ಒಂದು ಎಕರೆ ಹನ್ನೆರಡು ಗುಂಟೆ. ಸರ್ಕಾರ ಅದನ್ನು ತೆಗೆದುಕೊಂಡು ಕಂಪನಿಗೆ ಕೊಟ್ಟಿತು. ಜಮೀನು ಹೋದ ಮನೆಗೊಂದು ಕೆಲಸ ಎಂದು ಮಾತು ಕೊಟ್ಟಿದ್ದರು, ಮಾತಿಗೆ ತಪ್ಪಲಿಲ್ಲ. ಬೈರಮ್ಮನ ಕೈಗೆ ಪೊರಕೆ ಕೊಟ್ಟರು.

ಅವಳ ಜೊತೆಗೆ ಇನ್ನೂ ಮೂವರು ಹೆಂಗಸರು ಅಂಗಳ ಗುಡಿಸುತ್ತಿದ್ದರು. ಲತಾಮಣಿ ನಮ್ಮ ಊರಿನವಳೇ, ಅವಳ ಜಮೀನೂ ಹೋಗಿತ್ತು. ಮುನ್ನೀ ಮತ್ತು ತಾಹೇರಾ ರಾಮನಗರದವರು. ಅವರ ಮನೆಯವರು ಕೆಲಸ ಮಾಡುತ್ತಿದ್ದ ರೇಷ್ಮೆ ನೂಲು ತೆಗೆಯುವ ಘಟಕ ಮುಚ್ಚಿದ ಮೇಲೆ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ನಾಲ್ವರೂ ಕಂಟ್ರಾಕ್ಟಿನವರು. ಎರಡು ವರ್ಷ ನೆಟ್ಟಗೆ ಗುಡಿಸಿದರೆ ಅದು ಮುಗಿಯುವ ಏಪ್ರಿಲ್ ಒಂದರಿಂದ ಪರ್ಮನೆಂಟ್ ಮಾಡುತ್ತೇವೆ ಎಂದು ಆಡ್ಮಿನ್ ಆಫೀಸರು ಸ್ವಾಮಿ ಸಾಹೇಬರು ಹೇಳಿದ್ದರು. ಬಾಯಲ್ಲಿ ಹೇಳಿದ್ದರು, ಬರೆದುಕೊಟ್ಟಿರಲಿಲ್ಲ. ಬೈರಮ್ಮ ಆ ಬಾಯಿಮಾತನ್ನೇ ಸೆರಗಿಗೆ ಗಂಟು ಹಾಕಿಕೊಂಡಿದ್ದಳು. ಜ್ವರ ಬಂದರೂ ರಜೆ ಹಾಕಲಿಲ್ಲ. ತಂಗಿಯ ಮಗಳ ಒಸಗೆಗೂ ಹೋಗಲಿಲ್ಲ.

“ಪರ್ಮೆಂಟ್ ಆಗೋಗ್ಲಿ ಗೇಟಣ್ಣ, ಕಬ್ಬಾಳಮ್ಮಂಗೆ ಮಡ್ಲಕ್ಕಿ ಇಟ್ಬುಟ್ಟು ಬತ್ತೀನಿ. ಹೊಲ ಹೋದ್ರೂ ಹೊಲದಾಗೇ ಅನ್ನ ಸಿಕ್ತಲ್ಲ ಅಂದ್ಕತೀನಿ” ಎನ್ನುತ್ತಿದ್ದಳು.

ಗಂಡನನ್ನೂ ಅವಳೇ ಕೈಕಾಲು ಹಿಡಿದು ಒಳಗೆ ಸೇರಿಸಿದ್ದಳು. ಗಿಡಕ್ಕೆ ನೀರು ಹಾಕುವ ಕೆಲಸ. ಹೆಂಡತಿ ಹೇಳಿದ ಗಿಡಕ್ಕೆ ಹೆಂಡತಿ ಹೇಳಿದಷ್ಟು ನೀರು. ಕಂಪನಿಯ ಒಳಗೆ ಇದನ್ನು ಅವನು ನುಂಗಿಕೊಂಡಿದ್ದ. ಊರಿನಲ್ಲಿ ಮಾತ್ರ “ನಾನು ಆಪರೇಟರ್” ಎಂದು ಹೇಳಿಕೊಂಡು ತಿರುಗುತ್ತಿದ್ದ. ಏನನ್ನು ಆಪರೇಟ್ ಮಾಡುತ್ತೀಯ ಎಂದು ಯಾರಾದರೂ ಕೇಳಿದರೆ, “ಅದು ಕಂಪ್ನಿ ಸೀಕ್ರೆಟ್ಟು ಕಣ್ಲಾ” ಎಂದು ಬೀಡಿ ಹಚ್ಚುತ್ತಿದ್ದ. ಬೈರಮ್ಮನ ಅಣ್ಣ ನರಸಯ್ಯ ಒಬ್ಬನಿಗೆ ಇದನ್ನು ಕೇಳಿದರೆ ಮೈ ಉರಿಯುತ್ತಿತ್ತು. ಅವನ ಹೊಲ ರಸ್ತೆಯಿಂದ ಆಚೆ ಇದ್ದುದರಿಂದ ಉಳಿದುಕೊಂಡಿತ್ತು. ಹೊಲ ಉಳಿದವನ ಗತ್ತು ಊರಿಗೆಲ್ಲ ಗೊತ್ತು.

“ಆಪ್ರೇಟ್ರಂತೆ! ಪೈಪ್ ಹಿಡ್ಕಂಡು ನಿಂತ್ಕಳಕ್ಕೆ ಆಪ್ರೇಟ್ರು ಬೇಕಾ? ನಮ್ಮ ಬೈರಿ ಪೊರಕೆ ಹಿಡೀತಾಳೆ, ಇವ್ನು ಬೈರಿ ಸೆರಗು ಹಿಡೀತಾನೆ” ಎಂದು ಅರಳಿಕಟ್ಟೆಯಲ್ಲಿ ಎಲ್ಲರ ಮುಂದೆ ಹೇಳಿಬಿಟ್ಟ.

ಹೀಗಿರುವಾಗ, ರಾಮನಗರ ಜಿಲ್ಲೆಯಾದ ವರ್ಷದ ಕೊನೆಗೆ, ಕಂಪನಿ ಒಳಗಿನ ನೆಲಕ್ಕೆ ಹೊಸ ವ್ಯಾಕ್ಯೂಮ್ ಮಿಷನ್ನು ತರಿಸಿತು. ಹಳೆಯದನ್ನು ಸ್ವಾಮಿ ಸಾಹೇಬರು ಹುಲ್ಲುಹಾಸಿಗೆ ತಳ್ಳಿಸಿದರು. ಕೆಳಗೆ ನಾಲ್ಕು ಗಾಲಿಯ ಡ್ರಮ್ಮು, ಮೇಲೆ ಮೋಟಾರು, ಉದ್ದನೆಯ ಪೈಪು.

“ನೋಡು ಬೋರಲಿಂಗಯ್ಯ, ಇದು ಒಣ ಕಸಾನೂ ಎಳೆಯುತ್ತೆ, ಒದ್ದೆ ಕಸಾನೂ ಎಳೆಯುತ್ತೆ, ನೀರನ್ನೂ ಎಳೆಯುತ್ತೆ. ಗಾರ್ಡನ್ನಲ್ಲಿ ಟ್ರೈ ಮಾಡು. ಹಾಳಾದ್ರೂ ಚಿಂತೆಯಿಲ್ಲ, ಹೇಗೂ ಗುಜರಿಗೆ ಹಾಕೋದು” ಎಂದರು ಸಾಹೇಬರು.

ಬೋರಲಿಂಗಯ್ಯ ಗುಜರಿಯ ಮಾತನ್ನು ಕೇಳಿಸಿಕೊಳ್ಳಲಿಲ್ಲ. ಡ್ರಮ್ಮಿಗೆ ಕೈಮುಗಿದು ಗುಂಡಿ ಒತ್ತಿದ. ಕೊಚ್ಚೆ ಎಳೆಯುವ ಮೊದಲು ಒಳಗಿನ ಕಾಗದದ ಫಿಲ್ಟರ್ ತೆಗೆಯಬೇಕು ಎಂದು ಅದರ ಪುಸ್ತಕದಲ್ಲಿ ಚಿತ್ರ ಬರೆದು ತೋರಿಸಿದ್ದಾರೆ. ಇವನು ತೆಗೆಯಲಿಲ್ಲ. ನಲ್ಲಿಯ ಬುಡದ ಕೆಸರನ್ನು ಎಳೆದು ಡ್ರಮ್ಮು ತುಂಬಿಸಿದ. ಕಾಗದ ನೆನೆದು ಹರಿದು, ಮಿಷನ್ನು ಉಸಿರುಕಟ್ಟಿ ಕಿರುಚತೊಡಗಿತು. ಗಾಬರಿಯಲ್ಲಿ ಪೈಪು ಕಿತ್ತು ಹಿಂದುಗಡೆ ಇದ್ದ ಇನ್ನೊಂದು ತೂತಿಗೆ ಸಿಕ್ಕಿಸಿದ. ಅದು ಗಾಳಿ ಹೊರಗೆ ಊದುವ ತೂತು. ಸಾಹೇಬರು ಆ ದಿನ ಬಿಳಿ ಅಂಗಿ ತೊಟ್ಟಿದ್ದರು. ಇದನ್ನು ನಾನು ಹೇಳಲೇಬೇಕು, ಯಾಕೆಂದರೆ ಆಮೇಲೆ ನೋಡಿದವರಿಗೆ ಅದರ ಬಣ್ಣ ತಿಳಿಯುವಂತಿರಲಿಲ್ಲ.

ಹೆಂಗಸರು ಹೊಂಗೆ ಮರದ ಮರೆಗೆ ಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೈರಮ್ಮ ನಗಲಿಲ್ಲ. ಓಡಿಬಂದು ಸಾಹೇಬರ ಅಂಗಿಯನ್ನು ತನ್ನ ಸೆರಗಿನಿಂದ ಒರೆಸಿದಳು. “ಏಪ್ರಿಲ್ ಒಂದ್ರಗಂಟ ಇವನ್ನ ಕ್ಷಮಿಸ್ಬುಡಿ ಸಾ” ಎಂದಳು. ಸಾಹೇಬರು ಮುಖದ ಕೆಸರು ಒರೆಸಿಕೊಂಡು, ಎಸೆಯಿರಿ ಅದನ್ನು ಎಂದು ಕೂಗಿ ಒಳಗೆ ಹೋದರು.

ಇಲ್ಲಿಗೇ ಮುಗಿಯಬೇಕಿತ್ತು. ಮುಗಿಯಲು ಬೋರಲಿಂಗಯ್ಯ ಬಿಡಬೇಕಲ್ಲ! ಆಪರೇಟರ್ ಆಗಿ ಕಾಲು ಗಂಟೆಯೂ ಆಗಿರಲಿಲ್ಲ ಅವನಿಗೆ. ಸಾಹೇಬರ ಕೋಣೆಯ ಬಾಗಿಲಲ್ಲಿ ಸಂಜೆಯವರೆಗೂ ನಿಂತು, ಚನ್ನಪಟ್ಟಣದಲ್ಲಿ ರಸೂಲ್ ಎಂಬ ಪರಿಚಯದವನಿದ್ದಾನೆ, ಪುಕ್ಕಟೆ ಸರಿ ಮಾಡಿಕೊಡುತ್ತಾನೆ ಎಂದು ಬೇಡಿ ಒಪ್ಪಿಸಿದ. ಆಮೇಲೆ ನನ್ನ ಗೇಟಿಗೆ ಬಂದ.

“ಲೇ ಗೇಟು, ಪಾಸ್ ಬರಿ. ರಿಪೇರಿ ಅಂತ ಬರಿ. ವಾಪಸ್ ಬರೋದು ಸೋಮ್ವಾರ ಅಂತ ಬರಿ.”

“ರಿಪೇರಿ ಶನಿವಾರಕ್ಕೇ ಆಯ್ತದೆ ಅಂದ್ಯಲ್ಲೋ?”

“ಆಯ್ತದೆ. ಭಾನ್ವಾರ ಒಂದಿನ ಊರ್ನಾಗಿರ್ಲಿ. ಆ ನರಸಯ್ಯನ ಮೊಕಕ್ಕೆ ಹಿಡೀಬೇಕು ಕಣ್ಲಾ, ಇದೊಂದು ಉಪ್ಕಾರ ಮಾಡು.”

ನರಸಯ್ಯನ ಗತ್ತು ನನಗೂ ಬೇಜಾರಾಗಿತ್ತು. ಸೋಮವಾರ ಎಂದು ಬರೆದೆ. ಇದು ನನ್ನ ಮೊದಲ ತಪ್ಪು.

ರಸೂಲ್ ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುತ್ತಿದ್ದವನು. ಪ್ಲಾಸ್ಟಿಕ್ ಬೊಂಬೆ ಬಂದ ಮೇಲೆ ಅರ್ಧ ದಿನ ಬೊಂಬೆ, ಅರ್ಧ ದಿನ ಮೋಟಾರು ಎಂದು ಬದುಕುತ್ತಿದ್ದ. ಅವನ ಕೈಗೆ ಹೋದ ಸಾಮಾನು ಸುಮ್ಮನೆ ರಿಪೇರಿಯಾಗುವುದಿಲ್ಲ. ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತಿದ. ಹರಿದ ಕಾಗದದ ಜಾಗಕ್ಕೆ ಒರಟು ರೇಷ್ಮೆ ಬಟ್ಟೆಯ ಚೀಲ ಹೊಲಿದು ಹಾಕಿದ. ಅದು ಒಣಗಿದ್ದಕ್ಕೂ ಸೈ, ಒದ್ದೆಗೂ ಸೈ. ಪೈಪಿನ ತುದಿಗೆ ಹಾಲೆ ಮರದ ಮೂತಿ ಕಡೆದು, ಬೊಂಬೆಗೆ ಹಚ್ಚುವ ಕೆಂಪು ಹಸಿರು ಅರಗು ಹಚ್ಚಿದ.

“ಬೋರಣ್ಣ, ಇನ್ನ ಇದು ಕೆಡಲ್ಲ. ನೀನೇ ಕೆಡಿಸ್ಬೇಕು ಅಂದ್ರೂ ಕೆಡಲ್ಲ, ಅಂಗೆ ಮಾಡಿವ್ನಿ” ಎಂದನಂತೆ. ಒಳ್ಳೆಯ ಕೆಲಸಗಾರ ಪಾಪ. ಅವನಿಗೇನು ಗೊತ್ತು.

ಭಾನುವಾರ ಬೆಳಿಗ್ಗೆ ಮಿಷನ್ನು ಮೊಪೆಡ್ಡಿನ ಹಿಂದೆ ಕಟ್ಟಿಸಿಕೊಂಡು ಊರಿಗೆ ಬಂತು. ನರಸಯ್ಯನ ಮನೆಯ ಮುಂದಿನ ಕಣದಲ್ಲಿ ರಾಗಿ ತುಳಿಸಿ ಐದು ದಿನವಾಗಿತ್ತು. ತೂರಲು ಗಾಳಿಯೇ ಇರಲಿಲ್ಲ. ಮೊರ ಎತ್ತಿ ಹಿಡಿದರೆ ರಾಗಿಯೂ ಹೊಟ್ಟೂ ಒಟ್ಟಿಗೆ ಕಾಲ ಮೇಲೆ ಬೀಳುತ್ತಿತ್ತು. ಮೇಲೆ ಮೋಡ ಬೇರೆ ಕಟ್ಟಿತ್ತು. ತೂರಲು ಬಂದಿದ್ದ ನಾಲ್ಕು ಆಳು ಐದು ದಿನದಿಂದ ನರಸಯ್ಯನ ಮನೆಯ ಮುದ್ದೆ ತಿಂದು ಚೌಕಾಬಾರ ಆಡುತ್ತಿದ್ದರು.

“ಬಾವ, ಗಾಳಿ ಬೇಕಾ?” ಎಂದ ಬೋರಲಿಂಗಯ್ಯ, ಮೊಪೆಡ್ಡಿನಿಂದ ಇಳಿಯದೆಯೇ.

“ನೀನ್ ಬುಡೋ ಗಾಳಿ ಸಾಕಾಗಿ ಹೋಗೈತೆ, ಹೋಗಪ್ಪ” ಎಂದ ನರಸಯ್ಯ.

ಬೋರಲಿಂಗಯ್ಯ ಮೊಪೆಡ್ಡಿನಿಂದ ಇಳಿದ. ವೈರು ಎಳೆದ, ಪೈಪನ್ನು ಹಿಂದಿನ ತೂತಿಗೆ ಸಿಕ್ಕಿಸಿದ. ಈ ಸಲ ಬೇಕೆಂದೇ ಸಿಕ್ಕಿಸಿದ. ಮೊರದಿಂದ ರಾಗಿ ಸುರಿಯಲು ಹೇಳಿ ಗುಂಡಿ ಒತ್ತಿದ. ರಾಗಿ ನೆಟ್ಟಗೆ ಕೆಳಗೆ ಬಿತ್ತು, ಹೊಟ್ಟು ಹಾರಿ ಬೇಲಿಯಾಚೆ ಹೋಯಿತು. ಬೋರಲಿಂಗಯ್ಯ ಮುಟ್ಟಿದ್ದೊಂದು ಕೆಡದೆ ಉಳಿದಿದ್ದನ್ನು ಊರು ಮೊದಲ ಸಲ ನೋಡುತ್ತಿತ್ತು.

“ಅಯ್ಯೋ ಶಿವನೇ! ಇನ್ನೊಂದ್ ಮೊರ ಬುಡ್ರಲಾ!” ಎಂದು ಕೂಗಿದವನು ನರಸಯ್ಯನೇ.

ಮಧ್ಯಾಹ್ನದ ಹೊತ್ತಿಗೆ ರಾಶಿ ಶುದ್ಧವಾಯಿತು. ಗಾಳಿಯಿದ್ದರೂ ನಾಲ್ಕು ಆಳು ಎರಡು ದಿನ ಮಾಡುವುದನ್ನು ಒಬ್ಬ ಬೋರಲಿಂಗಯ್ಯ ಅರ್ಧ ದಿನದಲ್ಲಿ ಮುಗಿಸಿದ್ದ. ರಾಶಿ ಗುಡ್ಡೆ ಮಾಡಿ, ತುದಿಯಲ್ಲಿ ಸಗಣಿಯ ಗಣಪ ಬೆನಪ್ಪನನ್ನಿಟ್ಟು, ಗರಿಕೆ ಚುಚ್ಚಿ, ಹೂವು ಏರಿಸಿದರು. ಇನ್ನು ಅಳೆಯುವುದೊಂದೇ ಬಾಕಿ. ಅಳೆಯುವಾಗ ಮೊದಲ ಕೊಳಗಕ್ಕೆ ಒಂದು ಎನ್ನಬಾರದು, ಲಾಭ ಎನ್ನಬೇಕು, ಕಣದಲ್ಲಿ ಚಪ್ಪಲಿ ಮೆಟ್ಟಬಾರದು, ಗದ್ದಲ ಕೂಡದು. ಇಷ್ಟೆಲ್ಲ ಕಟ್ಟುಪಾಡಿನ ನಡುವೆ ನಮ್ಮ ಆಪರೇಟರಿಗೆ ರಾಶಿಯ ಸುತ್ತ ಉಳಿದಿದ್ದ ಚೂರು ಹೊಟ್ಟು ಕಣ್ಣಿಗೆ ಬಿತ್ತು.

“ಒಸಿ ನೀಟು ಮಾಡ್ಬುಡ್ತೀನಿ ಬಾವ” ಎಂದು ಪೈಪನ್ನು ಮುಂದಿನ ತೂತಿಗೆ ಬದಲಾಯಿಸಿದ. ಮಿಷನ್ನು ಈಗ ಎಳೆಯತೊಡಗಿತು. ಹೊಟ್ಟು ಹೋಯಿತು. ಜನ ಭೇಷ್ ಎಂದರು. ಭೇಷ್ ಎಂದವರ ಕಡೆಗೆ ಇವನು ತಿರುಗಿ ನಕ್ಕ. ಕೈಯಲ್ಲಿದ್ದ ಕೆಂಪು ಹಸಿರು ಮೂತಿಯೂ ಜೊತೆಗೆ ತಿರುಗಿತು. ಫಟ್ ಎಂದು ಒಂದು ಸದ್ದು. ರಾಶಿಯ ತುದಿ ಖಾಲಿ.

“ಬೆನಪ್ಪನ್ನೇ ನುಂಗ್ಬುಡ್ತಲ್ಲೋ ನಿನ್ ಮಿಷನ್ನು!” ಎಂದು ನರಸಯ್ಯ ಕಣದಲ್ಲೇ ಕುಸಿದ.

ಮೂರು ಜನ ಬೋರಲಿಂಗಯ್ಯನ ಮೇಲೆ ಬಿದ್ದರು. ಇಬ್ಬರು ಮಿಷನ್ನಿನ ಮೇಲೆ ಬಿದ್ದು ಅದಕ್ಕೂ ನಾಲ್ಕು ಒದ್ದರು. ಒಬ್ಬ ಮುದುಕಿ, ದೇವರು ಹೊಟ್ಟೆಯಲ್ಲಿದ್ದಾಗ ಒದೆಯಬೇಡಿರೋ ಎಂದು ಅಡ್ಡ ಬಂದಳು. ಆಗ ಬೈರಮ್ಮ ನುಗ್ಗಿ, ಡ್ರಮ್ಮಿನ ಮುಚ್ಚಳ ತೆಗೆದು, ಮೊಣಕೈವರೆಗೆ ಹೊಟ್ಟಿನೊಳಗೆ ಕೈ ಹಾಕಿ ಬೆನಪ್ಪನನ್ನು ಹೊರಗೆ ತೆಗೆದಳು. ಗರಿಕೆ ಒಂದು ಹೋಗಿತ್ತು, ಉಳಿದಂತೆ ಒಂದು ಬಿರುಕೂ ಇರಲಿಲ್ಲ. ಹಿರಿಯರು ಸೇರಿ ಅರ್ಧ ಗಂಟೆ ಯೋಚಿಸಿ, ಬೆನಪ್ಪ ಒಳಗೆ ಹೋಗಿ ಬಂದದ್ದರಿಂದ ಮಿಷನ್ನು ಪೂಜೆಗೆ ಅರ್ಹ ಎಂದು ತೀರ್ಮಾನಿಸಿದರು. ಡ್ರಮ್ಮಿಗೆ ಅರಿಶಿನದ ನೀರು ಚಿಮುಕಿಸಿ, ಮೋಟಾರಿಗೆ ಕುಂಕುಮವಿಟ್ಟು, ಹಾರ ಹಾಕಿದರು.

ಆ ಹೊತ್ತಿಗೆ ಸರಿಯಾಗಿ ಬಿಡದಿ ಕಡೆಯಿಂದ ಒಬ್ಬ ವರದಿಗಾರ ಬಂದ. ಜಿಲ್ಲೆಯಾದ ಮೇಲೆ ನಮ್ಮಲ್ಲಿ ಓಣಿಗೊಂದು ಪತ್ರಿಕೆ ಹುಟ್ಟಿತ್ತು. ಪತ್ರಿಕೆ ಹೆಚ್ಚು, ಸುದ್ದಿ ಕಡಿಮೆ. ಅವನು ಫೋಟೋ ಹಿಡಿದ. ಬುಧವಾರ ಅಚ್ಚಾಗಿ ಬಂತು: ಹಾರ ಹಾಕಿದ ಮಿಷನ್ನು, ಪಕ್ಕದಲ್ಲಿ ಎದೆಯುಬ್ಬಿಸಿದ ಬೋರಲಿಂಗಯ್ಯ, ಮೇಲೆ ದಪ್ಪಕ್ಷರದಲ್ಲಿ “ನಾಲ್ಕಾಳಿನ ಕೆಲಸ ಒಬ್ಬನಿಂದ! ಕಂಪನಿ ಆಪರೇಟರ್ ಸಾಧನೆ.” ನರಸಯ್ಯನೇ ಹತ್ತು ಪ್ರತಿ ತಂದು ಹಂಚಿದ. “ನಮ್ ಬಾವ” ಎಂದು ಅಂದೇ ಮೊದಲ ಬಾರಿಗೆ ಅವನ ಬಾಯಲ್ಲಿ ಬಂತು.

ಗುರುವಾರ ಬೆಳಿಗ್ಗೆ ಸ್ವಾಮಿ ಸಾಹೇಬರು ಗೇಟಿಗೆ ಫೋನ್ ಮಾಡಿ, ಬೋರಲಿಂಗಯ್ಯನನ್ನು ಕೂಡಲೇ ಕಳಿಸು ಎಂದರು. ಪಾಸಿನ ಪುಸ್ತಕ ತೆಗೆದು ನೋಡಿದೆ. ಕಂಪನಿಯ ಸಾಮಾನು, ನನ್ನ ಪಾಸು, ಊರಿನ ಕಣ, ಪತ್ರಿಕೆಯಲ್ಲಿ ಫೋಟೋ. ಇಬ್ಬರನ್ನೂ ಓಡಿಸುತ್ತಾರೆ ಎಂದುಕೊಂಡೆ. ಬೈರಮ್ಮ ಓಡಿಬಂದು ಅವನ ಹಣೆಗೆ ಕಬ್ಬಾಳಮ್ಮನ ಕುಂಕುಮ ಹಚ್ಚಿದಳು.

“ಕಾಲಿಗ್ ಬಿದ್ಬುಡು. ನಿನ್ನಿಂದ ನನ್ನ ಪರ್ಮೆಂಟು ಹೋದ್ರೆ ನಾನು ನಿನ್ನ ಮನೆಗ್ ಸೇರ್ಸಲ್ಲ, ತಿಳ್ಕೊ” ಎಂದಳು.

ನಾನು ಅವನ ಕಿವಿಯಲ್ಲಿ ಹೇಳಿದೆ: “ಕಾಲಿಗೆ ಬೀಳ್ಬೇಡ. ಮಿಷನ್ನನ್ನ ಹೊಗಳು. ಗುಜರಿಗೆ ಹೋಗೋದನ್ನ ಗಾರ್ಡನ್ನಿಗೆ ತಂದೋರು ಸಾಹೇಬ್ರೇ ತಾನೆ? ಅದನ್ನ ಹೊಗಳಿದ್ರೆ ಅವರನ್ನ ಹೊಗಳ್ದಂಗೆ. ಕರಗೋಯ್ತಾರೆ.” ಇದು ನನ್ನ ಎರಡನೆಯ ತಪ್ಪು. ಮೊದಲನೆಯದಕ್ಕಿಂತ ದೊಡ್ಡದು.

ಒಳಗೆ ನಡೆದದ್ದನ್ನು ಅವನೇ ಆಮೇಲೆ ನನಗೂ ಹೆಂಗಸರಿಗೂ ಹೇಳಿದ. ಸಾಹೇಬರು ಸಿಟ್ಟಾಗಿರಲಿಲ್ಲ. ಕುರ್ಚಿ ತೋರಿಸಿ, ಟೀ ತರಿಸಿ, ಪತ್ರಿಕೆ ಮುಂದಿಟ್ಟರಂತೆ.

“ನಾಲ್ಕಾಳು ಅಂತ ಬರೆದಿದ್ದಾರೆ. ನಿಜವೇನಯ್ಯ?”

“ನಾಲ್ಕು ಅಂದಿದ್ದೇ ಕಮ್ಮಿ ಸಾ. ಐದಾಳು ಅಂತ್ಲೇ ಇಟ್ಕಳಿ.”

“ನಮ್ಮ ಗಾರ್ಡನ್ ಅಷ್ಟನ್ನೂ ಮಾಡುತ್ತಾ? ಲಾನು, ಕಾಲುದಾರಿ, ನಿಂತ ನೀರು?”

“ಸಾ, ದೇವ್ರಾದ ದೇವ್ರನ್ನೇ ನುಂಗಿ ಒಂಚೂರೂ ಕೆಡಿಸ್ದಂಗೆ ಕೊಟ್ಟೈತೆ! ನಿಮ್ ಗಾರ್ಡನ್ ಯಾವ ಲೆಕ್ಕ? ಒಂದ್ ಗಂಟೆ ಸಾ, ಮುಗೀತು.”

“ಬೇರೆ ಯಾರೂ ಬೇಡ್ವಾ ಜೊತೆಗೆ?”

“ಯಾರ್ ಯಾಕೆ ಬೇಕು ಸಾ? ನಾನೊಬ್ನೇ ಸಾಕು!”

ಸಾಹೇಬರು ಅದನ್ನು ಒಂದು ಹಾಳೆಯಲ್ಲಿ ಬರೆದುಕೊಂಡರಂತೆ. ಇವನಿಗೆ ಎದ್ದು ನಿಂತು ಕೈಕುಲುಕಿದರಂತೆ. ಹೊರಗೆ ಬಂದವನು ನೆಲದ ಮೇಲೆ ಕಾಲಿಡಲಿಲ್ಲ. “ಬೈರೀ, ಏನೋ ಬರ್ಕಂಡವ್ರೆ ಕಣೆ, ನಮ್ಗೆಲ್ಲಾ ಒಳ್ಳೇದಾಯ್ತದೆ!” ಎಂದು ಕೂಗಿದ. ಆ ನಾಲ್ಕು ಹೆಂಗಸರೂ ಪೊರಕೆ ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ತಾಹೇರಾ ತನ್ನ ಡಬ್ಬಿಯಲ್ಲಿದ್ದ ಖರ್ಜೂರ ತೆಗೆದು ಎಲ್ಲರ ಬಾಯಿಗೂ ಇಟ್ಟಳು. ನಾನೂ ಒಂದು ತಿಂದೆ. ಆಮೇಲೆ ಇಂದಿನವರೆಗೆ ಖರ್ಜೂರ ಮುಟ್ಟಿಲ್ಲ.

ಮೂರು ತಿಂಗಳು ಏನೂ ಆಗಲಿಲ್ಲ. ಮಾರ್ಚ್ ಮೂವತ್ತರ ಸಂಜೆ ನೋಟಿಸ್ ಬೋರ್ಡಿಗೆ ಹಚ್ಚು ಎಂದು ನನ್ನ ಕೈಗೆ ಒಂದು ಹಾಳೆ ಕೊಟ್ಟರು. ಓದಿದೆ. ಇನ್ನೊಂದು ಸಲ ಓದಿದೆ. ಏಪ್ರಿಲ್ ಒಂದರಿಂದ ಹೊರಗಿನ ಸ್ವಚ್ಛತೆಗೆ ಒಂದೇ ಹುದ್ದೆ. ಬೋರಲಿಂಗಯ್ಯ, ಆಪರೇಟರ್. ಬೈರಮ್ಮ, ಲತಾಮಣಿ, ಮುನ್ನೀ, ತಾಹೇರಾ ಈ ನಾಲ್ವರ ಸೇವೆ ಅಗತ್ಯವಿಲ್ಲ. ಎರಡು ವರ್ಷದ ಸಹಕಾರಕ್ಕೆ ಕಂಪನಿ ಧನ್ಯವಾದ ಹೇಳುತ್ತದೆ. ಬೈರಮ್ಮನಿಗೆ ಓದಲು ಬರುವುದಿಲ್ಲ. “ನನ್ನ ಹೆಸ್ರು ಎಲ್ಲೈತೆ ಗೇಟಣ್ಣ, ತೋರ್ಸು” ಎಂದು ನಗುತ್ತ ಬಂದಳು. ತೋರಿಸಿದೆ. ಹೆಸರನ್ನು ಬೆರಳಿನಿಂದ ಸವರಿದಳು. ಆಮೇಲೆ ಅದರ ಮುಂದೆ ಏನು ಬರೆದಿದೆ ಎಂದು ಕೇಳಿದಳು. ಹೇಳುವ ಕೆಲಸವೂ ನನ್ನದೇ ಆಯಿತು.

ಲತಾಮಣಿ ಬೋರಲಿಂಗಯ್ಯನ ಅಂಗಿ ಹಿಡಿದು ಎಳೆದಾಡಿದಳು. “ನಾನೊಬ್ನೇ ಸಾಕು ಅಂದ್ಯಂತಲ್ಲಣ್ಣ, ತಿನ್ನು ಈಗ, ಒಬ್ನೇ ತಿನ್ನು! ನಿನ್ ಮನೆ ಹಾಳಾಗ!” ಬೋರಲಿಂಗಯ್ಯ ಗರಬಡಿದವನಂತೆ ನಿಂತಿದ್ದ. “ನಾನು ಅದ್ನ ಹೇಳಿದ್ದು ನಮ್ಗೆ ಒಳ್ಳೇದಾಗ್ಲಿ ಅಂತ... ಮಿಷನ್ ತಂದಿದ್ದುಕ್ಕೆ ಬಯ್ಯದಿರ್ಲಿ ಅಂತ...” ಎಂದು ತೊದಲಿದ. ಮುನ್ನೀ ಗೋಡೆಗೆ ಒರಗಿ ಅತ್ತಳು. ಅವಳ ಮನೆಯಲ್ಲಿ ಇದೊಂದೇ ಸಂಬಳ.

ಬೈರಮ್ಮ ಅಳಲಿಲ್ಲ. ನೆಟ್ಟಗೆ ಸಾಹೇಬರ ಕೋಣೆಗೆ ಹೋದಳು. ಪೇಪರಿನಲ್ಲಿ ಬಂದಿದ್ದು ಸುಳ್ಳು, ಅಂಗಳದ ಕೆಲಸ ಆ ಡ್ರಮ್ಮಿನಿಂದ ಆಗುವುದಿಲ್ಲ, ನಾಳೆ ನೀವೇ ನಿಂತು ಕಣ್ಣಾರೆ ನೋಡಿ ಎಂದಳು. ಸಾಹೇಬರಿಗೂ ಎಲ್ಲೋ ಒಂದು ಮೂಲೆಯಲ್ಲಿ ನಾಚಿಕೆ ಇತ್ತೆಂದು ಕಾಣುತ್ತದೆ, ಒಪ್ಪಿದರು. “ಒಂದು ಗಂಟೆ ಕೊಡ್ತೀನಮ್ಮ. ಅಷ್ಟರೊಳಗೆ ಆಗಲಿಲ್ಲ ಅಂದ್ರೆ ಆ ಲಿಸ್ಟನ್ನ ನಾನೇ ಹರಿದು ಹಾಕ್ತೀನಿ, ನಾಲ್ಕೂ ಜನ ಪರ್ಮನೆಂಟ್. ಆಯ್ತು ಅಂದ್ರೆ ಮಾತಾಡಬಾರದು.”

ಅವಳು ಗೇಟಿಗೆ ಬಂದು ಗಂಡನ ಎದುರು ನಿಂತಳು.

“ನಾಳೆ ಒಂದು ಗಂಟೆ ಆ ಮಿಷನ್ನ ಕೆಡಿಸ್ಬೇಕು. ಕೆಡ್ಸು. ಪಂಪ್ ಕೆಡಿಸ್ದೆ, ಹುಳ ಕೆಡಿಸ್ದೆ, ನಮ್ಮ ಮದ್ವೆ ಕೆಡಿಸ್ದೆ. ನಿನ್ಗಿಂತ ಬೇಕಾ ಅದುಕ್ಕೆ?”

“ಆಣೆ ಕಣೆ ಬೈರೀ. ಸುಟ್ಟು ಬೂದಿ ಮಾಡ್ತೀನಿ” ಎಂದ ಬೋರಲಿಂಗಯ್ಯ, ಕಣ್ಣೊರೆಸಿಕೊಂಡು.

ಮೂವತ್ತೊಂದರ ಬೆಳಿಗ್ಗೆ. ಹಿಂದಿನ ರಾತ್ರಿ ಮಳೆ ಹೊಡೆದು ಹುಲ್ಲಿನ ಮೇಲೆ ನೀರು ನಿಂತಿತ್ತು. ಹೊಂಗೆ ಮರಗಳು ಎಲೆ ಉದುರಿಸುವ ಕಾಲ. ದಾರಿಯ ಬಿಳಿ ಕಲ್ಲಿನ ಸಂದುಗಳಲ್ಲೆಲ್ಲ ಎಲೆ. ಆ ಕಲ್ಲುಗಳ ನಡುವಿನ ಎಲೆಯನ್ನು ಹೆಂಗಸರು ಕುಕ್ಕರಗಾಲಲ್ಲಿ ಕುಳಿತು ಅರ್ಧ ದಿನ ಕೈಯಲ್ಲೇ ಆರಿಸಬೇಕಿತ್ತು. ಇಂಥ ದಿನಕ್ಕಿಂತ ಒಳ್ಳೆಯ ದಿನ ನಮಗೆ ಸಿಗುವುದಿಲ್ಲ ಎಂದು ನಾವೆಲ್ಲ ಖುಷಿಪಟ್ಟೆವು. ಸಾಹೇಬರು ಗಡಿಯಾರ ನೋಡಿಕೊಂಡು ಮೆಟ್ಟಿಲ ಮೇಲೆ ನಿಂತರು. ನಾಲ್ವರು ಹೆಂಗಸರು ಗೇಟಿನ ಹತ್ತಿರ ನಿಂತರು.

ಬೋರಲಿಂಗಯ್ಯ ಮೊದಲು ನಿಂತ ನೀರಿಗೇ ಹೋದ. ಕೆಸರು, ಎಲೆ, ನೀರು ಎಲ್ಲವನ್ನೂ ಒಟ್ಟಿಗೆ ಎಳೆಸಿದ, ಹೋದ ಸಲದಂತೆ ಉಸಿರುಕಟ್ಟಿ ಸಾಯಲಿ ಎಂದು. ರಸೂಲನ ರೇಷ್ಮೆ ಚೀಲ ಇತ್ತಲ್ಲ, ಮಿಷನ್ನು ಗುಟುಕು ಗುಟುಕಾಗಿ ಎಲ್ಲವನ್ನೂ ಕುಡಿಯಿತು. ಹುಲ್ಲು ಒರೆಸಿದ ತಟ್ಟೆಯಂತಾಯಿತು.

ಇವನಿಗೆ ಬೆವರು ಬಂತು. ಪೈಪನ್ನು ಕಿತ್ತು ಊದುವ ತೂತಿಗೆ ಹಾಕಿದ, ಎಲೆಗಳೆಲ್ಲ ದಿಕ್ಕಾಪಾಲಾಗಿ ಹಾರಲಿ ಎಂದು. ಎಲೆಗಳು ಹಾರಿದವು. ಹಾರಿ, ಸಾಲಾಗಿ ಉರುಳಿಕೊಂಡು ಹೋಗಿ, ಕಾಂಪೌಂಡಿನ ಮೂಲೆಯಲ್ಲಿ ಅಚ್ಚುಕಟ್ಟಾಗಿ ಒಂದು ಗುಡ್ಡೆಯಾದವು. ಆ ಮೂಲೆಯಲ್ಲೇ ಕಸದ ಗುಂಡಿ ಇರುವುದು.

“ಸೂಪರ್!” ಎಂದರು ಸಾಹೇಬರು.

ಗೇಟಿನಲ್ಲಿ ಬೈರಮ್ಮ ಕಣ್ಣು ಮುಚ್ಚಿಕೊಂಡಳು. ಬೋರಲಿಂಗಯ್ಯ ಎಡವಿದಂತೆ ಮಾಡಿ ವೈರನ್ನು ಜಗ್ಗಿ ಪ್ಲಗ್ಗು ಕಿತ್ತ. ಕಂಪನಿಯ ಎಲೆಕ್ಟ್ರಿಷಿಯನ್ ಗಫಾರ್, ನಮ್ಮ ಸಂಚು ತಿಳಿಯದ ಬಡಪಾಯಿ, ಓಡಿಬಂದು ಗಟ್ಟಿಯಾಗಿ ಸಿಕ್ಕಿಸಿ ಟೇಪು ಸುತ್ತಿ ಹೋದ. ಇನ್ನು ಉಳಿದದ್ದು ಕಲ್ಲಿನ ದಾರಿ. ಬೋರಲಿಂಗಯ್ಯ ಹಲ್ಲು ಕಚ್ಚಿಕೊಂಡು, ಎಳೆಯುವ ಪೈಪನ್ನು ಕಲ್ಲುಗಳ ಮೇಲೆಯೇ ಹಿಡಿದ. ಕಲ್ಲು ಒಳಗೆ ಹೋಗಲಿ, ಮೋಟಾರು ಪುಡಿಯಾಗಲಿ ಎಂದು ಅವನ ಆಸೆ. ಕಲ್ಲು ಭಾರ, ಎಲೆ ಹಗುರ. ಕಲ್ಲುಗಳು ಇದ್ದಲ್ಲಿಯೇ ಒಂಚೂರು ಅಲುಗಿ ಕುಳಿತವು. ಸಂದಿನಲ್ಲಿದ್ದ ಎಲೆಗಳು ಮಾತ್ರ ಒಂದೊಂದಾಗಿ ಎದ್ದು ಒಳಗೆ ಹೋದವು. ಅವನು ಪೈಪನ್ನು ಇನ್ನೂ ಹತ್ತಿರ ಒತ್ತಿದ, ಇನ್ನೂ ಚೊಕ್ಕಟವಾಯಿತು. ಸಿಟ್ಟಿನಿಂದ ಆಚೆಗೊಮ್ಮೆ ಈಚೆಗೊಮ್ಮೆ ಬೀಸಿದ, ದಾರಿಯ ಅಂಚೂ ಶುದ್ಧವಾಯಿತು. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು, ಕೈ ಮಾತ್ರ ಕೆಲಸ ಮಾಡುತ್ತಲೇ ಇತ್ತು.

“ಕಲ್ಲು ಬಿಟ್ಟು ಎಲೆ ಮಾತ್ರ ತೆಗೀತಾನೆ! ಎಂಥ ಕೈಚಳಕ ನೋಡ್ರಿ! ನಲವತ್ತು ನಿಮಿಷ!” ಎಂದು ಸಾಹೇಬರು ಮೆಟ್ಟಿಲಿಳಿದು ಬಂದು ಅವನ ಬೆನ್ನು ತಟ್ಟಿದರು. ಹೆಂಗಸರ ಕಡೆ ತಿರುಗಿ, “ನೋಡಿದ್ರಲ್ಲಮ್ಮ?” ಎಂದರು. ಮಾತಾಡಬಾರದು ಎಂದು ಒಪ್ಪಂದವಾಗಿತ್ತು, ಯಾರೂ ಮಾತಾಡಲಿಲ್ಲ. ಸಾಹೇಬರು ಒಳಗೆ ಹೋದರು.

ಬೋರಲಿಂಗಯ್ಯ ಮಿಷನ್ನು ಆರಿಸಿ ಗೇಟಿನವರೆಗೆ ನಡೆದು ಬಂದ.

“ಕೆಡಿಸಕ್ಕೇ ನೋಡ್ದೆ ಕಣೆ ಬೈರೀ. ದೇವ್ರಾಣೆಗೂ ಕೆಡಿಸಕ್ಕೇ ನೋಡ್ದೆ.”

ಬೈರಮ್ಮ ಅವನ ಮುಖವನ್ನೇ ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ.

“ಕಂಡೆ ಬುಡು. ಇಪ್ಪತ್ತು ವರ್ಸದಿಂದ ನೆಟ್ಗೆ ಮಾಡಯ್ಯಾ ನೆಟ್ಗೆ ಮಾಡಯ್ಯಾ ಅಂದೆ, ಎಲ್ಲಾನೂ ಕೆಡಿಸ್ದೆ. ಹೊಟ್ಟೆಪಾಡಿಗೆ ಇದೊಂದ್ನ ಕೆಡ್ಸು ಅಂದ್ರೆ, ನೆಟ್ಗೆ ಮಾಡ್ಬುಟ್ಯಲ್ಲಪ್ಪ.”

ಲತಾಮಣಿಗೆ ನಗು ಬಂದುಬಿಟ್ಟಿತು. ನಗುತ್ತಲೇ ಅಳತೊಡಗಿದಳು, ಮುನ್ನೀ ಅವಳ ಭುಜ ಹಿಡಿದುಕೊಂಡಳು. ಬೈರಮ್ಮ ತನ್ನ ಬುತ್ತಿಯ ಡಬ್ಬಿಯನ್ನು ಗಂಡನ ಕೈಗೆ ಕೊಟ್ಟಳು. “ಇಬ್ರುದೂ ಇದ್ರಾಗೇ ಐತೆ. ಒಬ್ನೇ ಸಾಕು ಅಂದ್ಯಲ್ಲ, ಉಣ್ಣು” ಎಂದು, ಉಳಿದ ಮೂವರ ಜೊತೆ ಬಸ್‌ಸ್ಟಾಪಿನ ಕಡೆ ನಡೆದಳು. ಅವರು ಹೊರಗೆ ಹೋದ ಮೇಲೆ ಗೇಟು ಹಾಕಬೇಕು, ಅದು ರೂಲ್ಸು. ಹಾಕಿದೆ.